ಮಕ್ಕಳ ವಿವರದ ಎಕ್ಸೆಲ್ ಹಾಳೆ ಯಾರ ಕೈಗೆಲ್ಲ ಹೋಗಬೇಕು?

ಪ್ರಶ್ನೆ: ನಾನು ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಮುಖ್ಯಗುರು. ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಕ್ಕಳ ಹೆಸರು, ಜಾತಿ, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಪೋಷಕರ ಮೊಬೈಲ್ ಸಂಖ್ಯೆ ಇರುವ ಪಟ್ಟಿಯನ್ನು ಆಗಾಗ ‘ಅತಿ ತುರ್ತು’ ಎಂದು ಕೇಳುತ್ತಾರೆ. ಶಾಲೆಯಲ್ಲಿ ನೆಟ್ ಸರಿಯಾಗಿ ಸಿಗದ ಕಾರಣ ಸ್ಯಾಟ್ಸ್ (ಮಕ್ಕಳ ವಿವರ ದಾಖಲಿಸುವ ರಾಜ್ಯದ ಆನ್‌ಲೈನ್ ವ್ಯವಸ್ಥೆ) ಕೆಲಸವನ್ನು ಊರಿನ ಇಂಟರ್‌ನೆಟ್ ಅಂಗಡಿಯಲ್ಲಿ ಮಾಡಿಸುತ್ತೇವೆ. ಉಚಿತವಾಗಿ ಕಲಿಕಾ ಆ್ಯಪ್ ಕೊಡುತ್ತೇವೆಂದು ಕಂಪನಿಯೊಂದರವರು ಬಂದು ಆರರಿಂದ ಎಂಟನೇ ತರಗತಿಯವರೆಗಿನ ಮಕ್ಕಳ ಪಟ್ಟಿ ಕೇಳಿದ್ದಾರೆ. ಕಳೆದ ತಿಂಗಳು ಒಬ್ಬ ತಾಯಿಗೆ ‘ನಿಮ್ಮ ಮಗಳ ಸ್ಕಾಲರ್‌ಶಿಪ್ ಬಂದಿದೆ, ಒಟಿಪಿ ಹೇಳಿ’ ಎಂದು ಕರೆ ಬಂದಿತ್ತು. ಕರೆ ಮಾಡಿದವನಿಗೆ ಮಗಳ ಹೆಸರು, ತರಗತಿ, ಶಾಲೆ ಎಲ್ಲವೂ ಗೊತ್ತಿತ್ತು. ಆಕೆ ಒಟಿಪಿ ಹೇಳಲಿಲ್ಲ. ಆದರೂ ನಮ್ಮ ಶಾಲೆಯಿಂದಲೇ ಮಾಹಿತಿ ಹೋಯಿತೇನೋ ಎಂಬ ಅಳುಕು ನನಗಿದೆ. ಕಾನೂನು ಏನು ಹೇಳುತ್ತದೆ, ನಾವು ಏನು ಮಾಡಬೇಕು?

ಉತ್ತರ: ಗುರುಗಳೇ, ಮೊದಲು ನಿಮ್ಮ ಅಳುಕಿನ ಮಾತನ್ನೇ ಎತ್ತಿಕೊಳ್ಳುತ್ತೇನೆ. ಆ ಒಂದು ಕರೆಯನ್ನು ಹಿಡಿದುಕೊಂಡು ಮಾಹಿತಿ ನಿಮ್ಮ ಶಾಲೆಯಿಂದಲೇ ಹೋಯಿತೆಂದು ಹೇಳಲು ಬರುವುದಿಲ್ಲ. ಹೋಗಿಲ್ಲವೆಂದು ಹೇಳಲೂ ಬರುವುದಿಲ್ಲ. ಒಂದೇ ಮಗುವಿನ ವಿವರ ಸ್ಯಾಟ್ಸ್‌ನಲ್ಲಿದೆ, ಕೇಂದ್ರದ ಶಾಲಾ ಮಾಹಿತಿ ವ್ಯವಸ್ಥೆಯಾದ ಯುಡೈಸ್ ಪ್ಲಸ್‌ನಲ್ಲಿದೆ, ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿದೆ, ಬ್ಯಾಂಕಿನಲ್ಲಿದೆ, ಅರ್ಜಿ ತುಂಬಿಸಿದ ಅಂಗಡಿಯ ಕಂಪ್ಯೂಟರಿನಲ್ಲೂ ಇದೆ. ಆದರೆ ಮಗುವಿನ ಹೆಸರು, ತರಗತಿ, ಶಾಲೆ ಮತ್ತು ಪೋಷಕರ ಮೊಬೈಲ್ ಸಂಖ್ಯೆ ಈ ನಾಲ್ಕೂ ಒಂದೇ ಸಾಲಿನಲ್ಲಿ, ಯಾವ ಪಾಸ್‌ವರ್ಡೂ ಇಲ್ಲದೆ, ಕೈಗೆ ಸಿಕ್ಕವರೆಲ್ಲ ತೆರೆದು ಓದುವಂತೆ ಇರುವ ಜಾಗ ಯಾವುದೆಂದು ಹುಡುಕುತ್ತ ಹೋದರೆ, ಗುಂಪಿನಿಂದ ಗುಂಪಿಗೆ ಓಡಾಡುವ ಆ ಎಕ್ಸೆಲ್ ಹಾಳೆಯ ಮುಂದೆಯೇ ಬಂದು ನಿಲ್ಲುತ್ತೇವೆ. ಆದ್ದರಿಂದ ಈ ಉತ್ತರದ ಹೆಚ್ಚಿನ ಭಾಗ ಆ ಹಾಳೆಯ ಕುರಿತೇ ಇದೆ.

ದೊಡ್ಡ ವ್ಯವಸ್ಥೆಗಳಿಂದ ಮಾಹಿತಿ ಸೋರುವುದೇ ಇಲ್ಲವೆಂದಲ್ಲ. ಅಮೆರಿಕದ ಸಾವಿರಾರು ಶಾಲೆಗಳು ಬಳಸುವ ಪವರ್‌ಸ್ಕೂಲ್ ಎಂಬ ತಂತ್ರಾಂಶದಿಂದ 2024ರ ಡಿಸೆಂಬರ್‌ನಲ್ಲಿ ಕೋಟಿಗಟ್ಟಲೆ ವಿದ್ಯಾರ್ಥಿಗಳ ಮತ್ತು ಶಿಕ್ಷಕರ ವಿವರ ಕಳುವಾಯಿತು. ಗ್ರಾಹಕ ಬೆಂಬಲದ ಪೋರ್ಟಲ್‌ಗೆ ಒಂದು ಕದ್ದ ಪಾಸ್‌ವರ್ಡ್ ಸಾಕಾಗಿತ್ತು, ಅದರ ಮೇಲೆ ಒಟಿಪಿಯಂಥ ಎರಡನೆಯ ತಡೆ ಇರಲಿಲ್ಲ. ನಮ್ಮ ಕೇಂದ್ರ ಸರ್ಕಾರದ ಕಲಿಕಾ ಆ್ಯಪ್ ಆದ ದೀಕ್ಷಾ ಆ್ಯಪ್‌ನ ವಿಷಯದಲ್ಲಿಯೂ, ಹತ್ತು ಲಕ್ಷಕ್ಕೂ ಹೆಚ್ಚು ಶಿಕ್ಷಕರ ಮತ್ತು ಸುಮಾರು ಆರು ಲಕ್ಷ ವಿದ್ಯಾರ್ಥಿಗಳ ಮಾಹಿತಿ ಯಾವ ರಕ್ಷಣೆಯೂ ಇಲ್ಲದ ಕ್ಲೌಡ್ ಸರ್ವರಿನಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಬಿದ್ದಿತ್ತೆಂದು 2023ರ ಜನವರಿಯಲ್ಲಿ ವರದಿಯಾಯಿತು. ಇವೆರಡರಲ್ಲಿ ಒಂದು ಕಡೆ ಕೀಲಿ ಬೇರೆಯವರ ಕೈ ಸೇರಿತ್ತು, ಇನ್ನೊಂದು ಕಡೆ ಬಾಗಿಲಿಗೆ ಕೀಲಿಯೇ ಹಾಕಿರಲಿಲ್ಲ. ಮುಖ್ಯಗುರುವಾಗಿ ಆ ಸರ್ವರುಗಳ ಮೇಲೆ ನಿಮಗೆ ಹಿಡಿತವಿಲ್ಲ. ನಿಮ್ಮ ಮೇಜಿನಿಂದ ಹೊರಡುವ ಪ್ರತಿಗಳ ಮೇಲೆ ಮಾತ್ರ ಹಿಡಿತವಿದೆ, ಮತ್ತು ನನ್ನ ಅಭಿಪ್ರಾಯದಲ್ಲಿ ಹಳ್ಳಿಯ ಶಾಲೆಯ ಮಟ್ಟಿಗೆ ದೊಡ್ಡ ಅಪಾಯ ಇರುವುದೂ ಆ ಪ್ರತಿಗಳಲ್ಲಿಯೇ.

ಗುಂಪಿಗೆ ಹಾಕಿದ ಒಂದು ಹಾಳೆ ಎಲ್ಲೆಲ್ಲಿ ಉಳಿಯುತ್ತದೆಂದು ನೋಡಿ. ಗುಂಪಿನಲ್ಲಿರುವ ಪ್ರತಿಯೊಬ್ಬರ ಮೊಬೈಲಿನ ವಾಟ್ಸ್‌ಆ್ಯಪ್ ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಅದು ತಾನಾಗಿಯೇ ಇಳಿದು ಕೂರಬಹುದು. ವರ್ಗವಾಗಿ ಬೇರೆ ತಾಲ್ಲೂಕಿಗೆ ಹೋದ ಶಿಕ್ಷಕರು ಗುಂಪಿನಲ್ಲಿ ಇನ್ನೂ ಇರುತ್ತಾರೆ. ಕೆಲವರ ಮೊಬೈಲು ಸಂಜೆಯಾದರೆ ಮಕ್ಕಳ ಕೈಯಲ್ಲಿ ಆಟಕ್ಕೆ ಹೋಗುತ್ತದೆ. ಇನ್ನು ಕೆಲವರು ಅಂಗಡಿಯ ಕಂಪ್ಯೂಟರಿನಲ್ಲಿ ವಾಟ್ಸ್‌ಆ್ಯಪ್ ವೆಬ್ ತೆರೆದು, ಪ್ರಿಂಟ್ ತೆಗೆದುಕೊಂಡು, ಲಾಗ್ ಔಟ್ ಮಾಡದೆ ಎದ್ದು ಬಂದಿರುತ್ತಾರೆ. ನೀವು ನಂತರ ‘ಎಲ್ಲರಿಗೂ ಅಳಿಸು’ ಎಂದು ಒತ್ತಿದರೂ ಬೇರೆಡೆ ಉಳಿಸಿಕೊಂಡ, ಮುಂದಕ್ಕೆ ಕಳುಹಿಸಿದ ಪ್ರತಿಗಳು ಹೋಗುವುದಿಲ್ಲ. ಮೂರು ವರ್ಷದ ಹಿಂದಿನ ಶೂ ಅಳತೆಯ ಪಟ್ಟಿಯಲ್ಲಿ ಇಂದಿಗೂ ಬದಲಾಗದ ಆಧಾರ್ ಸಂಖ್ಯೆ ಹಾಗೆಯೇ ಉಳಿದಿರುತ್ತದೆ.

ಶೂ ಅಳತೆಯ ಉದಾಹರಣೆಯನ್ನು ಬೇಕೆಂದೇ ತೆಗೆದುಕೊಂಡಿದ್ದೇನೆ. ಶೂ ಮತ್ತು ಸಾಕ್ಸ್ ಕೊಡಲು ಬೇಕಿರುವುದು ಯಾವ ಅಳತೆಯವು ಎಷ್ಟು ಜೊತೆ ಎಂಬ ಲೆಕ್ಕ. ಮೊಟ್ಟೆ, ಬಾಳೆಹಣ್ಣಿಗೆ ಬೇಕಿರುವುದೂ ಸಂಖ್ಯೆಯೇ. ಆದರೂ ಕೇಳುವವರು ಹಳೆಯ ನಮೂನೆಯನ್ನೇ ಮತ್ತೆ ಕಳುಹಿಸುತ್ತಾರೆ, ಅದರಲ್ಲಿ ಜಾತಿಯ ಕಾಲಂ ಇರುತ್ತದೆ, ಆಧಾರ್ ಕಾಲಂ ಇರುತ್ತದೆ, ನಾವೂ ಖಾಲಿ ಬಿಡಬಾರದೆಂಬ ಶಿಸ್ತಿನಿಂದ ತುಂಬಿ ಕಳುಹಿಸುತ್ತೇವೆ. ಈ ಅಭ್ಯಾಸವನ್ನು ನಿಲ್ಲಿಸುವುದೇ ನೀವು ಮಾಡಬಹುದಾದ ಮೊದಲ ಮತ್ತು ಅತ್ಯಂತ ಉಪಯುಕ್ತ ಕೆಲಸ. ಸಂಖ್ಯೆ ಸಾಕಾಗುವಲ್ಲಿ ಸಂಖ್ಯೆಯನ್ನಷ್ಟೇ ಕೊಡಿ. ಹೆಸರುವಾರು ಪಟ್ಟಿಯೇ ಬೇಕಾದಲ್ಲಿ ಹೆಸರು ಮತ್ತು ಸ್ಯಾಟ್ಸ್ ಸಂಖ್ಯೆಯನ್ನು ಕೊಡಿ. ಉಳಿದ ವಿವರವನ್ನು ನೋಡುವ ಅಧಿಕಾರವುಳ್ಳವರು ತಮ್ಮ ಲಾಗಿನ್‌ನಲ್ಲಿ ಅದೇ ಸಂಖ್ಯೆಯನ್ನು ಹಾಕಿ ನೋಡಿಕೊಳ್ಳಬಹುದು, ನೋಡುವ ಅಧಿಕಾರವಿಲ್ಲದವರಿಗೆ ಅದು ಸಿಗಲೂಬಾರದು.

ಮೇಲಿನವರಿಗೆ ಇಲ್ಲವೆನ್ನುವುದು ಹೇಗೆಂದು ನೀವು ಕೇಳಬಹುದು. ಸಿಆರ್‌ಪಿಯವರ (ಕ್ಲಸ್ಟರ್ ಮಟ್ಟದ ಸಂಪನ್ಮೂಲ ವ್ಯಕ್ತಿ) ಬೆನ್ನಿಗೆ ತಾಲ್ಲೂಕು ಮಟ್ಟದ ಬಿಇಒ ಕಚೇರಿ, ಬಿಇಒ ಕಚೇರಿಯ ಬೆನ್ನಿಗೆ ಜಿಲ್ಲಾ ಮಟ್ಟದ ಡಿಡಿಪಿಐ ಕಚೇರಿ ಇರುವುದು ನನಗೂ ತಿಳಿದಿದೆ. ಇಲ್ಲವೆನ್ನಬೇಕಾಗಿಲ್ಲ, ಎರಡು ವಾಕ್ಯ ಬರೆದರೆ ಸಾಕು: ‘ಮಾನ್ಯರೇ, ಕೇಳಿರುವ ಸಂಖ್ಯಾವಾರು ಮಾಹಿತಿಯನ್ನು ಈ ಮೂಲಕ ಸಲ್ಲಿಸಲಾಗಿದೆ. ಆಧಾರ್ ಮತ್ತು ಬ್ಯಾಂಕ್ ವಿವರಗಳು ಸ್ಯಾಟ್ಸ್ ಹಾಗೂ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಲಭ್ಯವಿದ್ದು, ಪ್ರತ್ಯೇಕವಾಗಿ ಅಗತ್ಯವಿದ್ದಲ್ಲಿ ಉದ್ದೇಶವನ್ನು ತಿಳಿಸಿದರೆ ಕಚೇರಿಯ ಇಮೇಲ್‌ಗೆ ಕಳುಹಿಸಲಾಗುವುದು.’ ಇಂಥ ಉತ್ತರಕ್ಕೆ ಸಾಮಾನ್ಯವಾಗಿ ಮರುಪ್ರಶ್ನೆ ಬರುವುದಿಲ್ಲ, ಏಕೆಂದರೆ ಕೇಳಿದವರಿಗೂ ಆ ಕಾಲಂಗಳು ಯಾಕೆ ಬೇಕೆಂಬುದು ಬಹುತೇಕ ಸಲ ಗೊತ್ತಿರುವುದಿಲ್ಲ. ಒಂದೇ ಕ್ಲಸ್ಟರಿನ ನಾಲ್ಕೈದು ಮುಖ್ಯಗುರುಗಳು ಕೂಡಿ ಹೀಗೆ ಬರೆದರೆ ಯಾರೊಬ್ಬರ ಮೇಲೂ ಭಾರ ಬೀಳುವುದಿಲ್ಲ.

ಪೂರ್ಣ ವಿವರ ಕಳುಹಿಸಲೇಬೇಕಾದ ಸಂದರ್ಭ ಬಂದರೆ ಗುಂಪಿಗೆ ಹಾಕದೆ ಕೇಳಿದ ಅಧಿಕಾರಿಯ ಕಚೇರಿ ಇಮೇಲ್‌ಗೆ ಕಳುಹಿಸಿ, ಮತ್ತು ಹಾಳೆಗೆ ಪಾಸ್‌ವರ್ಡ್ ಹಾಕಿ. ಎಕ್ಸೆಲ್‌ನಲ್ಲಿ ಫೈಲ್, ಇನ್ಫೋ, ಪ್ರೊಟೆಕ್ಟ್ ವರ್ಕ್‌ಬುಕ್, ಎನ್‌ಕ್ರಿಪ್ಟ್ ವಿತ್ ಪಾಸ್‌ವರ್ಡ್ ಎಂದು ಹೋದರೆ ಪಾಸ್‌ವರ್ಡ್ ಇಲ್ಲದೆ ಕಡತ ತೆರೆಯುವುದೇ ಇಲ್ಲ. ಅಲ್ಲಿಯೇ ಕಾಣುವ ‘ಪ್ರೊಟೆಕ್ಟ್ ಶೀಟ್’ ಬೇರೆ. ಅದು ಯಾರೂ ತಿದ್ದದಂತೆ ತಡೆಯುತ್ತದೆಯೇ ಹೊರತು ಓದದಂತೆ ತಡೆಯುವುದಿಲ್ಲ. ಅನೇಕರು ಎರಡನ್ನೂ ಒಂದೇ ಎಂದು ತಿಳಿದು ನಿಶ್ಚಿಂತರಾಗಿರುತ್ತಾರೆ. ಪಾಸ್‌ವರ್ಡನ್ನು ಅದೇ ಇಮೇಲಿನಲ್ಲಿ ಬರೆಯದೆ ಫೋನು ಮಾಡಿ ಹೇಳಿ. ಶಾಲೆಯ ಹೆಸರನ್ನಾಗಲಿ ಶಾಲೆಯ ಗುರುತಿನ ಡೈಸ್ ಸಂಖ್ಯೆಯನ್ನಾಗಲಿ ಪಾಸ್‌ವರ್ಡ್ ಮಾಡಬೇಡಿ, ಅವೆರಡೂ ಶಾಲೆಯ ಗೋಡೆಯ ಮೇಲೆಯೇ ಬರೆದಿರುತ್ತವೆ.

ಇನ್ನು ಕಾನೂನಿನ ಮಾತು. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಪ್ರಕರಣದ ಅರ್ಜಿದಾರರು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆಧಾರ್ ಕುರಿತ 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಅದೇ ನ್ಯಾಯಾಲಯ ಶಾಲಾ ದಾಖಲಾತಿಗೆ ಆಧಾರ್ ಕಡ್ಡಾಯ ಮಾಡುವಂತಿಲ್ಲವೆಂದೂ, ಆಧಾರ್ ಇಲ್ಲವೆಂಬ ಕಾರಣಕ್ಕೆ ಯಾವ ಮಗುವಿಗೂ ಸೌಲಭ್ಯ ನಿರಾಕರಿಸಬಾರದೆಂದೂ ಹೇಳಿದೆ. ಆಧಾರ್ ಕಾಯ್ದೆಯ 29ನೇ ಕಲಮು ಯಾರದೇ ಆಧಾರ್ ಸಂಖ್ಯೆಯನ್ನು ಬಹಿರಂಗವಾಗಿ ಪ್ರಕಟಿಸುವುದನ್ನು ತಡೆಯುತ್ತದೆ. ವಿದ್ಯಾರ್ಥಿವೇತನ ಬಾಕಿ ಇರುವವರ ಪಟ್ಟಿಯನ್ನು ಆಧಾರ್ ಸಂಖ್ಯೆಯ ಸಮೇತ ನೋಟಿಸ್ ಬೋರ್ಡಿಗೆ ಅಂಟಿಸುವ ರೂಢಿ ನಿಮ್ಮಲ್ಲಿದ್ದರೆ ಇಂದೇ ಕಿತ್ತು ತೆಗೆಯಿರಿ. ಪೋಷಕರಿಂದ ಪ್ರತಿ ಪಡೆಯಬೇಕಾದಾಗ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕಾಗುವಲ್ಲಿ ಅದನ್ನೇ ಪಡೆಯಿರಿ.

ಮುಖ್ಯವಾದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮಾಹಿತಿ ಇಟ್ಟುಕೊಳ್ಳುವವರ ಮುಖ್ಯ ಹೊಣೆಗಾರಿಕೆಗಳು ಅಲ್ಲಿಂದ ಹದಿನೆಂಟು ತಿಂಗಳಿಗೆ, ಅಂದರೆ 2027ರ ಮೇ ತಿಂಗಳಲ್ಲಿ, ಜಾರಿಗೆ ಬರುತ್ತವೆ. ಈ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಮಕ್ಕಳ ಬೆನ್ನು ಹತ್ತಿ ಅವರ ನಡವಳಿಕೆಯನ್ನು ದಾಖಲಿಸುವುದು, ಅವರನ್ನೇ ಗುರಿಯಾಗಿಸಿ ಜಾಹೀರಾತು ತೋರಿಸುವುದು ನಿಷಿದ್ಧ. ಮಕ್ಕಳಿಗೆ ಸಂಬಂಧಿಸಿದ ಹೊಣೆಗಾರಿಕೆ ಮುರಿದರೆ ದಂಡ 200 ಕೋಟಿ ರೂಪಾಯಿಯವರೆಗೆ ಹೋಗಬಹುದು. ಶಾಲೆಗಳಿಗೆ ಇದರಲ್ಲಿ ಒಂದು ವಿನಾಯಿತಿ ಇದೆ: ಕಲಿಕೆಯ ಚಟುವಟಿಕೆಗಾಗಿ ಅಥವಾ ದಾಖಲಾದ ಮಕ್ಕಳ ಸುರಕ್ಷತೆಗಾಗಿ ನಿಗಾ ಇಡುವುದಕ್ಕೆ ಒಪ್ಪಿಗೆಯ ಮತ್ತು ನಿಗಾದ ಆ ಕಟ್ಟುಗಳು ಅನ್ವಯಿಸುವುದಿಲ್ಲ. ಹಾಜರಿ ಹಾಕಲು, ಅಂಕ ದಾಖಲಿಸಲು ಮನೆಮನೆಗೆ ಒಪ್ಪಿಗೆ ಪತ್ರ ಹಿಡಿದು ಹೋಗಬೇಕಾಗಿಲ್ಲ. ಸರ್ಕಾರಿ ಸೌಲಭ್ಯ ಕೊಡುವುದಕ್ಕಾಗಿ ಸರ್ಕಾರ ಮಾಹಿತಿ ಬಳಸುವುದಕ್ಕೂ ಕಾಯ್ದೆಯಲ್ಲಿ ಪ್ರತ್ಯೇಕ ಅವಕಾಶವಿದೆ; ಆದರೆ ಅಗತ್ಯವಿರುವಷ್ಟನ್ನೇ ಪಡೆಯಬೇಕು, ಅಗತ್ಯವಿರುವವರೆಗಷ್ಟೇ ಇಟ್ಟುಕೊಳ್ಳಬೇಕು, ಭದ್ರವಾಗಿಡಬೇಕು ಎಂಬ ಕಟ್ಟಳೆ ಅಲ್ಲಿಯೂ ಇದೆ. ಮಕ್ಕಳ ಪಟ್ಟಿಯನ್ನು ಖಾಸಗಿ ಕಂಪನಿಗೆ ಎತ್ತಿಕೊಡುವುದು ಈ ಎರಡು ಅವಕಾಶಗಳಲ್ಲಿ ಯಾವುದರೊಳಗೂ ಬರುವುದಿಲ್ಲ. 2027ರವರೆಗೆ ಕಾಯಬಹುದಲ್ಲವೇ ಎಂದು ಕೆಲವರು ನನ್ನನ್ನು ಕೇಳಿದ್ದಾರೆ. ಇಂದು ಸೋರಿದ ಆಧಾರ್ ಸಂಖ್ಯೆ 2027ರಲ್ಲಿಯೂ ಅದೇ ಆಗಿರುತ್ತದೆ.

ಒಪ್ಪಿಗೆ ಬೇಕಾಗುವ ಒಂದು ಸಂದರ್ಭ ನಿಮ್ಮ ಮುಂದೆ ಈಗಾಗಲೇ ಬಂದಿರಬೇಕು: ವಿದ್ಯಾರ್ಥಿಗಳಿಗೆ ಕೊಡುವ ಅಪಾರ್ ಎಂಬ ಗುರುತಿನ ಸಂಖ್ಯೆ. ಇದು ಸ್ವಇಚ್ಛೆಯದು, ಪೋಷಕರು ಸಹಿ ಹಾಕಿದರೆ ಮಾತ್ರ ಮಾಡಬೇಕಾದದ್ದು, ಬೇಡವೆನ್ನಲೂ ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಲೂ ಅವರಿಗೆ ಅವಕಾಶವಿದೆ. ಗುರಿ ಮುಟ್ಟಿಸುವ ಒತ್ತಡದಲ್ಲಿ ಒಪ್ಪಿಗೆ ಪತ್ರವನ್ನು ಮಗುವಿನ ಚೀಲದಲ್ಲಿ ಹಾಕಿ ಕಳುಹಿಸಿ, ಮರುದಿನ ಹೆಬ್ಬೆಟ್ಟಿನ ಗುರುತಿನೊಂದಿಗೆ ವಾಪಸು ಪಡೆಯುವುದು ಒಪ್ಪಿಗೆಯಾಗುವುದಿಲ್ಲ. ಓದು ಬಾರದ ಪೋಷಕರಿಗೆ ಎದುರು ಕೂತು ಓದಿ ಹೇಳಬೇಕು. ಒಪ್ಪಿಗೆ ಕೇಳುವ ತಿಳಿವಳಿಕೆ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿಯೂ ದೊರೆಯಬೇಕೆಂದು ಹೊಸ ಕಾಯ್ದೆ ಹೇಳುತ್ತದೆ. ಆ ಅನುಸೂಚಿಯಲ್ಲಿ ಕನ್ನಡ, ತೆಲುಗು, ಉರ್ದು ಇವೆ. ನಿಮ್ಮ ತಾಂಡಾಗಳ ಲಂಬಾಣಿ ಇಲ್ಲ. ಅಲ್ಲಿಗೆ ಕಾನೂನು ತಲುಪದಿದ್ದರೂ, ಅದೇ ತಾಂಡಾದ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರೊಬ್ಬರನ್ನು ಕೂರಿಸಿಕೊಂಡು ಪೋಷಕರ ಸಭೆಯಲ್ಲಿ ಅವರ ಮಾತಿನಲ್ಲಿಯೇ ಹೇಳಿಸುವುದು ನಿಮ್ಮ ಕೈಯಲ್ಲಿದೆ.

ಈಗ ನಮ್ಮ ಭಾಗದ ಶಾಲೆಗಳಿಗೆ ವಿಶೇಷವಾದ ಒಂದು ತೊಡಕಿನ ಕಡೆ ಬರುತ್ತೇನೆ. ರಾಯಚೂರು, ಕೊಪ್ಪಳ ಜಿಲ್ಲೆಗಳ ಅನೇಕ ಊರುಗಳಿಂದ ಸುಗ್ಗಿ ಮುಗಿದ ಮೇಲೆ ಜನ ಬೆಂಗಳೂರು, ಹೈದರಾಬಾದ್ ಕಡೆಗೆ ಗುಳೆ ಹೋಗುತ್ತಾರೆ, ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ. ದಾಖಲಾತಿಯ ದಿನ ಕೊಟ್ಟ ಮೊಬೈಲ್ ಸಂಖ್ಯೆ ಹೋದ ಊರಿನಲ್ಲಿ ರೀಚಾರ್ಜ್ ಇಲ್ಲದೆ ನಿಂತುಹೋಗುತ್ತದೆ, ಹೊಸ ಸಿಮ್ ಬರುತ್ತದೆ. ನಿಂತುಹೋದ ಸಂಖ್ಯೆಯನ್ನು ಕಂಪನಿಗಳು ಕೆಲವು ತಿಂಗಳ ನಂತರ ಬೇರೊಬ್ಬರಿಗೆ ಕೊಡುತ್ತವೆ. ಆಗ ಮಗುವಿನ ಹೆಸರಿನಲ್ಲಿ ಬರುವ ಸಂದೇಶ, ಒಟಿಪಿ ಎಲ್ಲವೂ ಗುರುತಿಲ್ಲದವರ ಕೈಗೆ ಹೋಗುತ್ತದೆ. ಇನ್ನೊಂದು ರೂಢಿಯೂ ಇದೆ: ಪೋಷಕರ ಬಳಿ ಫೋನಿಲ್ಲವೆಂದು ಪಕ್ಕದ ಮನೆಯವರ ಸಂಖ್ಯೆಯನ್ನೋ, ಕೆಲಸ ಬೇಗ ಮುಗಿಯಲೆಂದು ತರಗತಿ ಶಿಕ್ಷಕರ ಸಂಖ್ಯೆಯನ್ನೋ ಹಾಕಿಬಿಡುವುದು. ಒಬ್ಬ ಶಿಕ್ಷಕರ ಸಂಖ್ಯೆಗೆ ಹಲವು ಮಕ್ಕಳು ಜೋಡಣೆಯಾಗಿದ್ದರೆ, ನಾಳೆ ಒಂದು ಮಗುವಿನ ಹಣ ದಾರಿ ತಪ್ಪಿದಾಗ ಮೊದಲು ಅನುಮಾನದ ಕಣ್ಣು ಬೀಳುವುದು ಆ ಶಿಕ್ಷಕರ ಮೇಲೆಯೇ.

ಇದಕ್ಕೆ ತಂತ್ರಜ್ಞಾನದ ಪರಿಹಾರವಿಲ್ಲ, ರಿಜಿಸ್ಟರಿನ ಪರಿಹಾರವಿದೆ. ಜೂನ್‌ನಲ್ಲಿ ಶಾಲೆ ಆರಂಭವಾದಾಗ ಒಮ್ಮೆ, ಗುಳೆ ಹೋದವರು ಮರಳುವ ಹೊತ್ತಿಗೆ ಇನ್ನೊಮ್ಮೆ, ಪ್ರತಿ ತರಗತಿ ಶಿಕ್ಷಕರು ಪೋಷಕರ ಸಂಖ್ಯೆಗೆ ಎದುರಿಗೇ ಕರೆ ಮಾಡಿ ಅದು ಯಾರ ಬಳಿ ಇದೆಯೆಂದು ಖಚಿತಪಡಿಸಿಕೊಳ್ಳಲಿ. ಬದಲಾಗಿದ್ದರೆ ಸ್ಯಾಟ್ಸ್‌ನಲ್ಲಿ ತಿದ್ದಬೇಕು; ಆಧಾರ್ ಮತ್ತು ಬ್ಯಾಂಕ್ ಖಾತೆಯಲ್ಲಿಯೂ ಸಂಖ್ಯೆ ಬದಲಿಸಬೇಕೆಂದು ಪೋಷಕರಿಗೆ ಹೇಳಬೇಕು, ಅದನ್ನು ಶಾಲೆಯಿಂದ ಮಾಡಲು ಬರುವುದಿಲ್ಲ. ಶಿಕ್ಷಕರ ಸಂಖ್ಯೆ ಇರುವ ಕಡೆಯೆಲ್ಲ ಅಜ್ಜಿಯದಾದರೂ ಸರಿ, ಮನೆಯವರದೇ ಸಂಖ್ಯೆ ಬರಲಿ.

ಇಂಟರ್‌ನೆಟ್ ಅಂಗಡಿಯನ್ನು ಒಂದೇ ಏಟಿಗೆ ಬಿಡಿ ಎಂದು ನಾನು ಹೇಳುವುದಿಲ್ಲ, ಶಾಲೆಯಲ್ಲಿ ಸಿಗ್ನಲ್ ಇಲ್ಲದಿರುವಾಗ ಅದು ಅವಾಸ್ತವದ ಸಲಹೆ. ಆದರೆ ಅಂಗಡಿಯ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರನ್ನು ಒಮ್ಮೆ ತೆರೆದು ನೋಡಿ. ಆಧಾರ್, ಆಧಾರ್ ಒಂದು, ಆಧಾರ್ ಎರಡು ಎಂದು ಸಾಲಾಗಿ ಪಿಡಿಎಫ್‌ಗಳು, ನಡುವೆ ಜಾತಿ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರ, ಪಾಸ್‌ಬುಕ್ಕಿನ ಮೊದಲ ಪುಟ, ಯಾರದೋ ಮಗುವಿನ ಅಂಕಪಟ್ಟಿ ಎಲ್ಲವೂ ಕಾಣುತ್ತವೆ. ಅಂಗಡಿಯವನು ಕೆಟ್ಟವನೆಂದಲ್ಲ, ಅಳಿಸಲು ಅವನಿಗೆ ಯಾರೂ ಹೇಳಿಲ್ಲ. ನಿಜವಾದ ಅಪಾಯ ಶಾಲೆಯ ಲಾಗಿನ್ ಮತ್ತು ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟು ‘ನೀನೇ ಮುಗಿಸಿಬಿಡು ತಮ್ಮಾ’ ಎಂದು ಬರುವುದರಲ್ಲಿದೆ. ಆ ಚೀಟಿ ಯಾರ ಬಳಿ ಇದೆಯೋ ಅವರು ಮಕ್ಕಳ ಹೆಸರು, ಜನ್ಮದಿನಾಂಕ ತಿದ್ದಬಲ್ಲರು. ಜನ್ಮದಿನಾಂಕ ತಿದ್ದಿದರೆ ಏನಾಗುತ್ತದೆಂದು ಬಾಲ್ಯವಿವಾಹದ ಪ್ರಕರಣಗಳನ್ನು ಕಂಡಿರುವ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಕನಿಷ್ಠ ಇಷ್ಟಾದರೂ ಆಗಲಿ. ಲಾಗಿನ್ ಮಾಡುವಾಗ ಶಿಕ್ಷಕರೊಬ್ಬರು ಅಲ್ಲಿಯೇ ಇದ್ದು ತಾವೇ ಪಾಸ್‌ವರ್ಡ್ ಒತ್ತಬೇಕು. ಬ್ರೌಸರು ಪಾಸ್‌ವರ್ಡ್ ಉಳಿಸಲೇ ಎಂದು ಕೇಳಿದಾಗ ಬೇಡವೆನ್ನಬೇಕು. ಸಾಧ್ಯವಿದ್ದಲ್ಲಿ ಇನ್‌ಕಾಗ್ನಿಟೋ ಕಿಟಕಿಯಲ್ಲಿ ಕೆಲಸ ಮಾಡಬೇಕು. ಎದ್ದು ಬರುವ ಮುನ್ನ ಲಾಗ್ ಔಟ್ ಮಾಡಿ, ಇಳಿಸಿದ ಕಡತಗಳನ್ನು ಅಳಿಸಿ, ರಿಸೈಕಲ್ ಬಿನ್ ಅನ್ನೂ ಖಾಲಿ ಮಾಡಬೇಕು. ಈವರೆಗೆ ಚೀಟಿ ಕೊಟ್ಟಿದ್ದರೆ ಪಾಸ್‌ವರ್ಡನ್ನು ಇವತ್ತೇ ಬದಲಿಸಿ. ಮುಖ್ಯಗುರುಗಳ ಪ್ರಭಾರ ಬದಲಾದ ದಿನವೂ ಬದಲಿಸಬೇಕು. ಅಧಿಕಾರ ಹಸ್ತಾಂತರದ ಪಟ್ಟಿಯಲ್ಲಿ ಬೀರುವಿನ ಕೀಲಿ, ಚೆಕ್‌ಬುಕ್ಕುಗಳ ಜೊತೆಗೆ ಲಾಗಿನ್ ಕೂಡ ಒಂದು ಸಾಲಾಗಿ ಇರಲಿ. ನನ್ನ ಮಟ್ಟಿಗೆ ಹೇಳುವುದಾದರೆ, ಹಂಚಿಕೆಯಾದ ಲಾಗಿನ್‌ಗಿಂತ ಸಿಗ್ನಲ್ ಸಿಗುವ ಜಾಗದಲ್ಲಿ ನಿಂತು ನಿಮ್ಮದೇ ಮೊಬೈಲಿನ ಹಾಟ್‌ಸ್ಪಾಟ್‌ನಿಂದ ಶಾಲೆಯ ಲ್ಯಾಪ್‌ಟಾಪ್ ನಡೆಸುವುದು ಎಷ್ಟು ನಿಧಾನವಾದರೂ ಮೇಲು.

ಆ್ಯಪ್ ಕಂಪನಿಯ ವಿಷಯಕ್ಕೆ ನನ್ನ ಉತ್ತರ ಚುಟುಕಾಗಿದೆ: ಪಟ್ಟಿ ಕೊಡಬೇಡಿ. ಶಾಲೆಗೆ ಯಾವ ತಂತ್ರಾಂಶ ಬರಬೇಕೆಂಬುದು ಇಲಾಖೆಯ ಲಿಖಿತ ಅನುಮತಿಯ ವಿಷಯ, ಮುಖ್ಯಗುರುಗಳ ಸೌಜನ್ಯದ ವಿಷಯವಲ್ಲ. ಅನುಮತಿ ಪತ್ರ ತಂದರೂ ಯಾವ ಮಾಹಿತಿ, ಯಾವ ಉದ್ದೇಶಕ್ಕೆ, ಎಷ್ಟು ಕಾಲ, ನಂತರ ಯಾರು ಅಳಿಸುತ್ತಾರೆ ಎಂಬ ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಪಡೆಯಿರಿ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2022ರಲ್ಲಿ 49 ದೇಶಗಳ 163 ಕಲಿಕಾ ಉತ್ಪನ್ನಗಳನ್ನು ಪರಿಶೀಲಿಸಿ, ಅವುಗಳಲ್ಲಿ 145 ಮಕ್ಕಳ ಹಕ್ಕಿಗೆ ಧಕ್ಕೆ ತರುವ ರೀತಿಯಲ್ಲಿ ಮಾಹಿತಿ ಬಳಸುತ್ತಿದ್ದಂತೆ ಕಂಡುಬಂದಿತೆಂದು ವರದಿ ಮಾಡಿತ್ತು. ಅವು ಸರ್ಕಾರಗಳೇ ಶಿಫಾರಸು ಮಾಡಿದ ಉತ್ಪನ್ನಗಳಾಗಿದ್ದವು. ನೀವೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಆ್ಯಪನ್ನು ಮೊದಲು ನಿಮ್ಮ ಮೊಬೈಲಿನಲ್ಲಿ ಹಾಕಿಕೊಂಡು ಅದು ಯಾವ ಯಾವ ಅನುಮತಿ ಕೇಳುತ್ತದೆಂದು ನೋಡಿ. ಗಣಿತ ಕಲಿಸುವ ಆ್ಯಪ್‌ಗೆ ನೀವಿರುವ ಸ್ಥಳ, ನಿಮ್ಮ ಫೋನಿನ ಸಂಪರ್ಕ ಸಂಖ್ಯೆಗಳು, ಮೈಕ್ ಯಾಕೆ ಬೇಕೆಂದು ಬಂದವರನ್ನು ಕೇಳಿ. ಮಾರಾಟದ ಹುಡುಗನಿಗೆ ಉತ್ತರ ಬಾರದಿದ್ದರೆ ಅವನ ಕಂಪನಿಯಿಂದ ಬರೆಸಿಕೊಂಡು ಬರಲಿ. ಮಕ್ಕಳ ಹೆಸರು, ಸಂಖ್ಯೆ ಇಲ್ಲದೆ ಶಾಲೆಯ ಸ್ಮಾರ್ಟ್ ಟಿವಿಯಲ್ಲಿ ಎಲ್ಲರೂ ಒಟ್ಟಿಗೆ ನೋಡಲು ಬರುವಂಥದ್ದಾದರೆ ಗೊಡವೆಯೇ ಇಲ್ಲ.

ಚಿತ್ರಗಳ ವಿಷಯವನ್ನು ನೀವು ಕೇಳಿಲ್ಲ, ಆದರೂ ಸೇರಿಸುತ್ತೇನೆ, ಏಕೆಂದರೆ ಗುಂಪಿನಲ್ಲಿ ಹಾಳೆಗಿಂತ ಹೆಚ್ಚು ಓಡಾಡುವುದು ಫೋಟೊ. ಸ್ವಾತಂತ್ರ್ಯೋತ್ಸವದ ಕೋಲಾಟದ ಚಿತ್ರಕ್ಕೂ, ರಕ್ತಹೀನತೆಯ ತಪಾಸಣೆಗೆ ಸಾಲು ನಿಂತ ಹುಡುಗಿಯರ ಚಿತ್ರಕ್ಕೂ ವ್ಯತ್ಯಾಸವಿದೆ. ಬಾಲ್ಯವಿವಾಹ ತಡೆದು ಶಾಲೆಗೆ ಕರೆತಂದ ಬಾಲಕಿ, ಹತ್ತಿ ಹೊಲದ ಕೂಲಿಯಿಂದ ಬಿಡಿಸಿ ಕರೆತಂದ ಬಾಲಕ ಎಂದು ಹಾರ ಹಾಕಿ ಫೋಟೊ ತೆಗೆದು ಹೆಸರು ಸಮೇತ ಹಾಕುವವರು ಒಳ್ಳೆಯ ಮನಸ್ಸಿನಿಂದಲೇ ಹಾಕುತ್ತಾರೆ. ಆದರೆ ಆರೈಕೆ ಮತ್ತು ರಕ್ಷಣೆಯ ಅಗತ್ಯವುಳ್ಳ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರವನ್ನು ಮಾಧ್ಯಮಗಳಲ್ಲಿ ಬಹಿರಂಗಪಡಿಸುವುದು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನ ಪ್ರಕಾರ ಶಿಕ್ಷಾರ್ಹ. ದೇವದಾಸಿ ತಾಯಂದಿರ ಮಕ್ಕಳು, ಅಂಗವಿಕಲ ಮಕ್ಕಳು, ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವ ಮಕ್ಕಳು ಎಂಬ ಪ್ರತ್ಯೇಕ ಪಟ್ಟಿಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಆಧಾರ್ ಸಂಖ್ಯೆ ಸೋರಿದರೆ ಹಣ ಹೋಗಬಹುದು, ಈ ಪಟ್ಟಿ ಊರಿನಲ್ಲಿ ಹರಡಿದರೆ ಆ ಮಗು ತರಗತಿಗೆ ಬರುವುದನ್ನೇ ನಿಲ್ಲಿಸಬಹುದು. ಇಂಥವನ್ನು ಯಾವ ಗುಂಪಿಗೂ ಹಾಕದೆ, ಕೇಳಿದ ಅಧಿಕಾರಿಗೆ ಮುಚ್ಚಿದ ಲಕೋಟೆಯಲ್ಲಿ ಕೈಯಾರೆ ಮುಟ್ಟಿಸಿ. ಇದು ಹಳೆಯ ಪದ್ಧತಿ ಎನಿಸಬಹುದು, ಆದರೆ ಇದಕ್ಕಿಂತ ಭದ್ರವಾದದ್ದನ್ನು ನಾನು ಸೂಚಿಸಲಾರೆ.

ಶಾಲೆಯ ಕಂಪ್ಯೂಟರುಗಳ ಬಗ್ಗೆ ಎರಡು ಮಾತು ಸಾಕು. ವಿಂಡೋಸ್ 10ಕ್ಕೆ ಸಾಮಾನ್ಯ ಭದ್ರತಾ ಪರಿಷ್ಕರಣೆ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಹೊಸದಕ್ಕೆ ಏರಲಾಗದ ಹಳೆಯ ಯಂತ್ರಗಳಿಗೆ ವಿಂಡೋಸ್ ಬದಲು ಉಚಿತವಾಗಿ ಸಿಗುವ ಉಬುಂಟು ಹಾಕಿಸಿ, ಇಲ್ಲವೇ ಮಕ್ಕಳ ದಾಖಲೆಗಳನ್ನು ಅವುಗಳಲ್ಲಿ ಇಡಬೇಡಿ. ಮಕ್ಕಳು ಬಳಸುವ ನೆಟ್ ಸಂಪರ್ಕದ ಡಿಎನ್ಎಸ್ (ತಾಣದ ಹೆಸರಿನಿಂದ ಅದನ್ನು ಹುಡುಕಿಕೊಡುವ ಸೇವೆ) ವಿಳಾಸವನ್ನು 1.1.1.3 ಎಂದು ಬದಲಿಸಿದರೆ ಅಶ್ಲೀಲ ಮತ್ತು ವೈರಸ್ ಹರಡುವ ತಾಣಗಳಲ್ಲಿ ಬಹುಪಾಲು ತೆರೆಯುವುದಿಲ್ಲ, ಇದಕ್ಕೆ ಹಣವೂ ಬೇಕಿಲ್ಲ. ಸಿಸಿಟಿವಿ ಇದ್ದರೆ ಅದನ್ನು ಅಳವಡಿಸಿದವರು ಇಟ್ಟುಹೋದ ಪಾಸ್‌ವರ್ಡನ್ನು ಬದಲಿಸಿ, ಯಾರ ಯಾರ ಮೊಬೈಲಿನಲ್ಲಿ ಅದರ ದೃಶ್ಯ ಕಾಣುತ್ತಿದೆಯೆಂದು ಬರೆದಿಡಿ.

ಕೊನೆಯದಾಗಿ ಆ ತಾಯಿಯ ವಿಷಯ. ಆಕೆ ಒಟಿಪಿ ಹೇಳದಿದ್ದುದರಿಂದ ಹಣ ಉಳಿದಿದೆ, ಆದರೆ ಮಗಳ ವಿವರ ಇನ್ನೂ ಆ ವಂಚಕನ ಬಳಿಯೇ ಇದೆ, ಬೇರೆ ಸಂಖ್ಯೆಯಿಂದ ಮತ್ತೆ ಕರೆ ಬರಬಹುದು. ಕರೆ ಬಂದ ಸಂಖ್ಯೆ, ದಿನಾಂಕ, ಹೊತ್ತು ಇವುಗಳನ್ನು ಬರೆಸಿಕೊಂಡು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಲು ಅವರಿಗೆ ನೆರವಾಗಿ. ಬೇರೆ ಯಾರಾದರೂ ಒಟಿಪಿ ಹೇಳಿ ಹಣ ಕಳೆದುಕೊಂಡಿದ್ದರೆ ಒಂದು ಗಳಿಗೆಯೂ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಬೇಕು. ಹಣ ಮುಂದಿನ ಖಾತೆಗಳಿಗೆ ಹೋಗುವ ಮೊದಲೇ ತಡೆಹಿಡಿಯುವ ಅವಕಾಶ ಇರುವುದು ಆರಂಭದ ಗಂಟೆಗಳಲ್ಲಿ ಮಾತ್ರ. ಆಮೇಲೆ ಬ್ಯಾಂಕಿಗೆ ತಿಳಿಸಿ, ಜಿಲ್ಲಾ ಕೇಂದ್ರದಲ್ಲಿರುವ, ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಗೆ ದೂರು ಕೊಡಿಸಿ. ಮಗುವಿನ ಚಿತ್ರ ಅಥವಾ ವಿಡಿಯೊ ದುರ್ಬಳಕೆಯಾಗಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬೇಕು, ಮತ್ತು ಅಶ್ಲೀಲವಾದ ಅಂಥ ವಿಡಿಯೊವನ್ನು ಸಾಕ್ಷಿಗೆಂದು ಕೂಡ ಇನ್ನೊಬ್ಬರಿಗೆ ಕಳುಹಿಸಬಾರದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ಕಳುಹಿಸಿದವರೂ ಸಿಕ್ಕಿಬೀಳುತ್ತಾರೆ.

ಒಂದೇ ತರಗತಿಯ ಇನ್ನೂ ಯಾರಿಗಾದರೂ ಇಂಥ ಕರೆ ಬಂದಿದೆಯೇ ಎಂದು ವಿಚಾರಿಸಿ. ನಾಲ್ಕಾರು ಮಂದಿಗೆ ಬಂದಿದ್ದು, ಅವರೆಲ್ಲರ ಹೆಸರೂ ನೀವು ಇತ್ತೀಚೆಗೆ ಕಳುಹಿಸಿದ ಒಂದೇ ಹಾಳೆಯಲ್ಲಿದ್ದರೆ, ಅಥವಾ ಸ್ಯಾಟ್ಸ್‌ನಲ್ಲಿ ತಪ್ಪಾಗಿ ನಮೂದಾದ ಒಂದು ಹೆಸರನ್ನು ಕರೆ ಮಾಡಿದವನೂ ಅದೇ ತಪ್ಪಿನೊಂದಿಗೆ ಹೇಳಿದ್ದರೆ, ಮೂಲ ಎಲ್ಲಿದೆಯೆಂಬ ಸುಳಿವು ಸಿಗುತ್ತದೆ. ಆ ಸುಳಿವನ್ನು ಗುಂಪಿನಲ್ಲಿ ಚರ್ಚಿಸದೆ ಬಿಇಒ ಅವರಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆದುಕೊಳ್ಳಿ. ಸರ್ಕಾರಿ ವ್ಯವಸ್ಥೆಯಲ್ಲಿ ಇಂಥ ಸೋರಿಕೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ವರದಿ ಹೋಗಬೇಕೆಂದು 2022ರ ಏಪ್ರಿಲ್‌ನ ನಿರ್ದೇಶನವಿದೆ. ಅದನ್ನು ಕಳುಹಿಸಬೇಕಾದವರು ಮೇಲಿನವರು, ಅವರಿಗೆ ಆ ಆರು ಗಂಟೆ ಸಿಗಬೇಕಾದರೆ ನಿಮ್ಮ ಪತ್ರ ಅದೇ ದಿನ ಹೋಗಬೇಕು. ಮುಂದಿನ ಎಸ್‌ಡಿಎಂಸಿ ಸಭೆಯ ನಡಾವಳಿಯಲ್ಲಿ ‘ಶಾಲೆಯಿಂದಾಗಲಿ ಇಲಾಖೆಯಿಂದಾಗಲಿ ಯಾರೂ ಫೋನಿನಲ್ಲಿ ಒಟಿಪಿ ಕೇಳುವುದಿಲ್ಲ, ವಿದ್ಯಾರ್ಥಿವೇತನದ ಬಗ್ಗೆ ಕರೆ ಬಂದರೆ ಫೋನು ಇಟ್ಟು ಶಾಲೆಗೆ ಬಂದು ಕೇಳಿ’ ಎಂದು ಬರೆಸಿ, ಅದೇ ವಾಕ್ಯವನ್ನು ಅಕ್ಷರ ದಾಸೋಹದ ಅಡುಗೆಯ ಅಕ್ಕಂದಿರಿಗೂ ಬಾಯಿಪಾಠ ಮಾಡಿಸಿ. ಮಕ್ಕಳ ತಾಯಂದಿರು ಮುಖ್ಯಗುರುಗಳನ್ನು ಕೇಳುವ ಮೊದಲು ಅವರನ್ನೇ ಕೇಳುತ್ತಾರೆ.